ಬಂದರಿನಲ್ಲಿ ನಿಂತು ತುಂಬಿದ ಫಾರಂ

ಮಾನ್ಯ ಸಂಪಾದಕರಿಗೆ,

ನಮಸ್ಕಾರ. ಹೋದ ಭಾನುವಾರದ ಪುರವಣಿಯಲ್ಲಿ ಕೆರಿಬಿಯನ್ ಕ್ರೂಸ್ ಬಗ್ಗೆ ಬಂದ ಪ್ರವಾಸ ಲೇಖನ ಓದಿದೆ. ಎರಡು ಸಲ ಓದಿದೆ. ಚೆನ್ನಾಗಿ ಬರೆದಿದ್ದಾರೆ. ಆದರೆ ಅದರಲ್ಲಿ ಒಂದು ಪ್ಯಾರಾ ಇದೆ. ಹಡಗು ಬಂದರಿನಲ್ಲಿ ನಿಂತಾಗ ಆಕ್ಸಿಜನ್ ಸಿಲಿಂಡರ್ ಬೆನ್ನಿಗೆ ಕಟ್ಟಿಕೊಂಡು ಸಮುದ್ರಕ್ಕೆ ಇಳಿಯಬಹುದು, ವಯಸ್ಸಿನ ಭಯ ಬೇಡ, ಒಂದು ಫಾರಂಗೆ ಸಹಿ ಹಾಕಿದರೆ ಸಾಕು ಅಂತ. ಅದನ್ನು ಓದಿದ ಮೇಲೆ ಸುಮ್ನೆ ಇರೋಕೆ ಆಗಲಿಲ್ಲ. ಆರೋಗ್ಯದ ಪ್ರಶ್ನೆಗಳಿರುವ ಆ ಫಾರಂಗೆ ನಾವೂ ಸಹಿ ಹಾಕಿದ್ದೆವು. ಹೇಗೆ ಹಾಕಿದೆವು, ಆಮೇಲೆ ಏನಾಯಿತು ಅಂತ ಬರೆಯುತ್ತಿದ್ದೇನೆ. ಪತ್ರ ಉದ್ದವಾಗಿದೆ. ಜಾಗ ಇಲ್ಲದಿದ್ದರೆ ಬೇರೆ ಏನು ಬೇಕಾದರೂ ತೆಗೆಯಿರಿ, ಫಾರಂ ವಿಷಯ ಮಾತ್ರ ತೆಗೆಯಬೇಡಿ.

ನನಗೆ 61 ವರ್ಷ. ಮತ್ತಿಕೆರೆಯಲ್ಲಿ ಮನೆ. ಜಾಲಹಳ್ಳಿಯ ಎಚ್‌ಎಂಟಿ ವಾಚ್ ಕಾರ್ಖಾನೆಯಲ್ಲಿ 22 ವರ್ಷ ಕೆಲಸ ಮಾಡಿ ಸ್ವಯಂ ನಿವೃತ್ತಿ ತೆಗೆದುಕೊಂಡವಳು. ನಮ್ಮ ಯಜಮಾನರಿಗೆ 66. ಮಗಳು, ಅಳಿಯ ಫ್ಲಾರಿಡಾದಲ್ಲಿದ್ದಾರೆ. ಹೋದ ವರ್ಷ ಜೂನ್‌ನಲ್ಲಿ ನಾವು ಅಲ್ಲಿಗೆ ಹೋದಾಗ, ಅಪ್ಪ ಅಮ್ಮನಿಗೆ ಒಂದು ಸಲ ಹಡಗು ತೋರಿಸಬೇಕು ಅಂತ ಮಗಳು ಐದು ರಾತ್ರಿಯ ಕ್ರೂಸ್ ಬುಕ್ ಮಾಡಿದ್ದಳು. ಮಯಾಮಿಯಲ್ಲಿ ಹತ್ತಿ, ಗ್ರ್ಯಾಂಡ್ ಕೇಮನ್ ದ್ವೀಪ ನೋಡಿ, ಮೆಕ್ಸಿಕೋದ ಕೊಜುಮೆಲ್ ದ್ವೀಪ ನೋಡಿ ಮತ್ತೆ ಮಯಾಮಿ. ಈಗ ನಮ್ಮ ಬೀದಿಯಲ್ಲೇ ಇಂಥ ಪ್ರವಾಸ ಮಾಡಿ ಬಂದವರು ನಾಲ್ಕು ಮನೆಯವರಿದ್ದಾರೆ. ಅದಕ್ಕೇ ಈ ವಿಷಯ ದೂರದ್ದು ಅಂತ ನನಗೆ ಅನ್ನಿಸುವುದಿಲ್ಲ.

ಗ್ರ್ಯಾಂಡ್ ಕೇಮನ್‌ನಲ್ಲಿ ದೊಡ್ಡ ಹಡಗು ಬಂದು ತಾಗುವ ಕಟ್ಟೆ ಇಲ್ಲ. ಹಡಗು ಸಮುದ್ರದಲ್ಲೇ ನಿಲ್ಲುತ್ತದೆ. ಅಲ್ಲಿಂದ ಸಣ್ಣ ದೋಣಿಯಲ್ಲಿ ಜಾರ್ಜ್ ಟೌನ್ ದಡಕ್ಕೆ ಹೋಗಬೇಕು. ದೊಡ್ಡ ಕಟ್ಟೆ ಕಟ್ಟುವುದು ಬೇಡ ಅಂತ ಅಲ್ಲಿನ ಜನ 2025ರ ಏಪ್ರಿಲ್‌ನಲ್ಲಿ ಮತ ಹಾಕಿಯೇ ಹೇಳಿದ್ದಾರೆ. ಅಳಿಯಂದಿರು ಡೈವಿಂಗ್ ಕಲಿತವರು, ಸರ್ಟಿಫಿಕೇಟ್ ಇದೆ. ಅವರು ಅಲ್ಲಿ ಕಿಟ್ಟಿವೇಕ್ ಅನ್ನುವ ಮುಳುಗಿಸಿದ ಹಡಗು ನೋಡಿ ಬಂದರು. ಅದು ಅಮೆರಿಕ ನೌಕಾಪಡೆಯ ಹಳೇ ಹಡಗು. ಮೀನು, ಹವಳ ಮನೆ ಮಾಡಿಕೊಳ್ಳಲಿ ಅಂತ 2011ರ ಜನವರಿಯಲ್ಲಿ ಬೇಕೆಂದೇ ಮುಳುಗಿಸಿದ್ದು. 2017ರ ಬಿರುಗಾಳಿಗೆ ಅದು ಒಂದು ಪಕ್ಕಕ್ಕೆ ವಾಲಿಕೊಂಡಿದೆಯಂತೆ. ರಾತ್ರಿ ಊಟಕ್ಕೆ ಕೂತಾಗ ಅವರು ಅದನ್ನೆಲ್ಲ ಹೇಳುತ್ತಿದ್ದರೆ ನಮ್ಮ ಯಜಮಾನರು ಊಟ ಬಿಟ್ಟು ಕೇಳುತ್ತಿದ್ದರು. "ನಾಳೆ ಕೊಜುಮೆಲ್‌ನಲ್ಲಿ ನೀವೂ ಒಂದು ಸಲ ಇಳೀರಿ ಮಾವ, ಕಲಿಯದವರನ್ನೂ ಕರ್ಕೊಂಡು ಹೋಗ್ತಾರೆ" ಅಂದರು ಅಳಿಯಂದಿರು. ಮಗಳು ಅಲ್ಲೇ ಫೋನಿನಲ್ಲಿ ನಮ್ಮಿಬ್ಬರಿಗೂ ಬುಕ್ ಮಾಡಿದಳು.

ಕಲಿಯದವರಿಗೆ ಮಾಡಿಸುವ ಈ ಡೈವ್‌ಗೂ ನಿಯಮ ಇದೆ. 12 ಮೀಟರ್‌ಗಿಂತ ಆಳಕ್ಕೆ ಕರೆದುಕೊಂಡು ಹೋಗುವಂತಿಲ್ಲ. ಒಬ್ಬ ಶಿಕ್ಷಕನ ಕೈಗೆ ನಾಲ್ಕು ಜನಕ್ಕಿಂತ ಜಾಸ್ತಿ ಕೊಡುವಂತಿಲ್ಲ. ನಮ್ಮ ಜೊತೆ ಇನ್ನೊಂದು ಜೋಡಿ ಇತ್ತು. ಲೆಕ್ಕ ಸರಿಯಾಗಿತ್ತು. ತಪ್ಪಿದ್ದು ದಡದ ಮೇಲೆ.

ಕೊಜುಮೆಲ್‌ನಲ್ಲಿ ಊರಿನಿಂದ ಸ್ವಲ್ಪ ದಕ್ಷಿಣಕ್ಕೆ, ಸಮುದ್ರದ ಅಂಚಿನಲ್ಲಿ ತೆಂಗಿನ ಗರಿಯ ಚಪ್ಪರ. ಅದರ ಕೆಳಗೆ ಒಂದು ಮೇಜು. ಮೇಜಿನ ಮೇಲೆ ಕ್ಲಿಪ್ ಹಾಕಿದ ಪ್ಯಾಡು. ನಮ್ಮ ಹಿಂದೆ ಏಳೆಂಟು ಜನ ನಿಂತಿದ್ದರು. ಎಲ್ಲರೂ ಹಡಗಿನವರೇ, ಎಲ್ಲರಿಗೂ ಅವಸರ. ಫಾರಂ ಇಂಗ್ಲಿಷ್‌ನಲ್ಲಿತ್ತು, ಇನ್ನೊಂದು ಕಟ್ಟು ಸ್ಪ್ಯಾನಿಷ್‌ನಲ್ಲಿತ್ತು. ಮೊದಲ ಪುಟದಲ್ಲಿ ಹತ್ತು ಪ್ರಶ್ನೆ. ಮಗಳು ನಿಂತಲ್ಲೇ ನನ್ನದು, ಅವಳ ಅಪ್ಪನದು ಎರಡನ್ನೂ ತುಂಬಿದಳು. ಇಲ್ಲ, ಇಲ್ಲ, ಇಲ್ಲ ಅಂತ ಮೇಲಿಂದ ಕೆಳಗೆ ಒಂದೇ ಸಮನೆ ಟಿಕ್ ಹಾಕುತ್ತಾ ಹೋದಳು. ಪೆನ್ನಿನ ಮಸಿ ಒದ್ದೆ ಕಾಗದದ ಮೇಲೆ ಹರಡುತ್ತಿತ್ತು. ನಾವಿಬ್ಬರೂ ಸಹಿ ಮಾಡಿದೆವು.

ಹಡಗಿಗೆ ಬಂದ ಮೇಲೆ ಮಗಳ ಫೋನಿನಲ್ಲಿದ್ದ ಫೋಟೋದಲ್ಲಿ ಆ ಫಾರಂ ನಿಧಾನವಾಗಿ ಓದಿದೆ. ಎರಡನೇ ಪ್ರಶ್ನೆ ‘ನಿಮಗೆ 45 ವರ್ಷ ದಾಟಿದೆಯೇ?’ ಅದಕ್ಕೂ ‘ಇಲ್ಲ’. ನನಗೆ 61, ಅವರಿಗೆ 66. ಅದೇ ಕ್ಲಿಪ್ಪಿಗೆ ನಮ್ಮಿಬ್ಬರ ಪಾಸ್‌ಪೋರ್ಟ್ ಜೆರಾಕ್ಸ್ ಸಿಕ್ಕಿಸಿತ್ತು. ಹುಟ್ಟಿದ ವರ್ಷ ದಪ್ಪ ಅಕ್ಷರದಲ್ಲಿತ್ತು. ಫಾರಂ ತೆಗೆದುಕೊಂಡ ಹುಡುಗ ಎರಡನ್ನೂ ಒಟ್ಟಿಗೆ ಮಡಚಿ ಡಬ್ಬಿಗೆ ಹಾಕಿದ. ನೋಡಲಿಲ್ಲ.

ಮಗಳ ಮೇಲೆ ನನಗೆ ಸಿಟ್ಟಿಲ್ಲ. ಅವಳಿಗೆ ಅಪ್ಪನ ಮುಖದಲ್ಲಿದ್ದ ಆಸೆ ಕಾಣುತ್ತಿತ್ತು. ಒಂದು ಕಡೆ ‘ಹೌದು’ ಅಂತ ಹಾಕಿದರೂ ಡಾಕ್ಟರ್ ಸಹಿ ಬೇಕು ಅನ್ನುತ್ತಾರೆ ಅಂತ ಅವಳು ಅಂದುಕೊಂಡಿದ್ದಳು. ಸಂಜೆ ಹೊರಡುವ ಹಡಗಿನಿಂದ ಇಳಿದು ಬಂದವರು, ಗುರುತಿಲ್ಲದ ದ್ವೀಪದಲ್ಲಿ, ಒಂದು ಗಂಟೆಯೊಳಗೆ ಯಾವ ಡಾಕ್ಟರನ್ನು ಹುಡುಕಿಕೊಂಡು ಹೋಗುವುದು? ದುಡ್ಡು ಕಟ್ಟಿ ಆಗಿದೆ. ಅಲ್ಲಿ ನಿಂತವರಿಗೆ ನಿಜ ಬರೆಯೋದು ಅಂದರೆ ಡೈವ್ ಬಿಟ್ಟುಕೊಡೋದು ಅಂತಲೇ ಅರ್ಥ. ಅದಕ್ಕೇ ಎಲ್ಲರೂ ‘ಇಲ್ಲ’ ಅಂತ ಹಾಕುತ್ತಾರೆ. ನಮ್ಮ ಹಿಂದೆ ನಿಂತಿದ್ದವರು ಕೂಡ ಹಾಗೇ ತುಂಬುತ್ತಿದ್ದರು, ನಾನೇ ನೋಡಿದೆ.

ನಮ್ಮ ಯಜಮಾನರು ಎಂಟು ವರ್ಷದಿಂದ ಬಿಪಿ ಮಾತ್ರೆ ತೆಗೆದುಕೊಳ್ಳುತ್ತಾರೆ. ಅದೂ ಅಲ್ಲದೆ ಹಡಗಿನ ಎಸಿ ಗಾಳಿಗೆ ಅವರಿಗೆ ನೆಗಡಿ ಆಗಿತ್ತು. ಬೆಳಿಗ್ಗೆ ಮೂಗು ಬಿಡಿಸುವ ಮಾತ್ರೆ ಒಂದು ನುಂಗಿ ಬಂದಿದ್ದರು. ಅದನ್ನು ನಮಗೆ ಯಾರಿಗೂ ಹೇಳಿರಲಿಲ್ಲ.

ನೀರಿಗೆ ಇಳಿಯುವಾಗ ಕಿವಿಗೆ ಏನಾಗುತ್ತದೆ ಅಂತ ವಾಚ್ ಕಾರ್ಖಾನೆಯಲ್ಲಿ ಕೆಲಸ ಮಾಡಿದ ನನಗೆ ಬೇಗ ಅರ್ಥವಾಯಿತು. ನೀರು ಒಳಗೆ ಹೋಗದ ವಾಚನ್ನು ಪರೀಕ್ಷೆ ಮಾಡುವಾಗ ಕೇಸಿನ ಮೇಲೆ ಒತ್ತಡ ಹಾಕುತ್ತಾರೆ. ಒಳಗಿನ ಗಾಳಿಗೂ ಹೊರಗಿನ ಒತ್ತಡಕ್ಕೂ ಹೊಂದಾಣಿಕೆ ಇಲ್ಲದಿದ್ದರೆ ಎಲ್ಲಿ ತೆಳುವಾಗಿದೆಯೋ ಅಲ್ಲಿ ಬಿಟ್ಟುಕೊಳ್ಳುತ್ತದೆ. ಕಿವಿಯ ತಮಟೆಯೂ ಅಷ್ಟೇ ತೆಳು. 10 ಮೀಟರ್ ಆಳಕ್ಕೆ ಹೋದರೆ ಮೇಲಿದ್ದ ಒತ್ತಡ ಎರಡರಷ್ಟಾಗುತ್ತದೆ. ಕಿವಿಗೆ ಕಷ್ಟ ಜಾಸ್ತಿ ಆಗೋದು ಮೊದಲ ಮೂರು ನಾಲ್ಕು ಮೀಟರ್‌ನಲ್ಲೇ. ಅದಕ್ಕೆ ಇಳಿಯಲು ಶುರು ಮಾಡಿದಾಗಿನಿಂದಲೇ, ಆಗಾಗ, ಮೂಗು ಹಿಡಿದು ಮೆತ್ತಗೆ ಊದಬೇಕು. ಗಂಟಲಿನಿಂದ ಕಿವಿಗೆ ಹೋಗುವ ಸಣ್ಣ ಕೊಳವೆ ತೆರೆದುಕೊಂಡು ಒಳಗೂ ಗಾಳಿ ಸೇರುತ್ತದೆ. ನೆಗಡಿ ಇದ್ದರೆ ಆ ಕೊಳವೆ ಊದಿಕೊಂಡು ಮುಚ್ಚಿರುತ್ತದೆ. ನೋವು ಬಂದರೆ ಜೋರಾಗಿ ಊದಬಾರದು, ಸ್ವಲ್ಪ ಮೇಲೆ ಬರಬೇಕು. ಇದನ್ನೆಲ್ಲ ಶಿಕ್ಷಕ ಹೇಳಿದ್ದರು. ಒಳ್ಳೆಯ ಮನುಷ್ಯ, ಎರಡೆರಡು ಸಲ ಹೇಳಿದರು. ಉಸಿರು ಮಾತ್ರ ಯಾವತ್ತೂ ಹಿಡಿಯಬೇಡಿ ಅಂತ ಮೂರು ಸಲ ಹೇಳಿದರು, ಮೇಲೆ ಬರುವಾಗ ಶ್ವಾಸಕೋಶದಲ್ಲಿರುವ ಗಾಳಿ ಹಿಗ್ಗುತ್ತದೆ ಅಂತ.

ನಾವು ಮೂರು ಮೀಟರ್ ಹತ್ತಿರ ಇಳಿದಿರಬೇಕು. ಯಜಮಾನರು ಕೈ ಅಲುಗಿಸಿ ಕಿವಿ ತೋರಿಸಿದರು. ಶಿಕ್ಷಕ ತಕ್ಷಣ ಎಲ್ಲರನ್ನೂ ಮೇಲೆ ಕರೆತಂದರು. "ಸ್ವಲ್ಪ ಕಿವಿ ಕಟ್ಟಿದೆ ಅಷ್ಟೇ, ಒಂದು ನಿಮಿಷ ತಲೆ ತಿರುಗಿದ ಹಾಗಾಯ್ತು" ಅಂದರು ಇವರು. ಮಗಳು ದಡದಲ್ಲಿದ್ದಳು, ಅವರನ್ನು ಕರೆದುಕೊಂಡು ಹೋಗಿ ಚಪ್ಪರದಲ್ಲಿ ಕೂರಿಸಿದಳು. ನಾನೂ ಬರ್ತೀನಿ ಅಂದೆ. "ನೀನು ಹೋಗು, ಅಷ್ಟು ದೂರದಿಂದ ಬಂದಿದ್ದೀಯ, ನಾನು ಇಲ್ಲಿ ಕೂತಿರ್ತೀನಿ" ಅಂದರು. ನಾನು ಹೋದೆ.

ಇದನ್ನು ಬರೆಯುವಾಗ ಈಗಲೂ ಗಂಟಲು ಕಟ್ಟುತ್ತದೆ. ಯಾಕೆಂದರೆ ನೀರಿನ ಕೆಳಗೆ ನಾನು ಕಂಡದ್ದು ನನ್ನ ಜೀವನದಲ್ಲಿ ಕಂಡ ಚೆಂದಗಳಲ್ಲಿ ಒಂದು. ಕೊಜುಮೆಲ್‌ನ ಹವಳದ ದಿಬ್ಬ ಸುಮಾರು 1,000 ಕಿ.ಮೀ. ಉದ್ದದ ಒಂದು ದೊಡ್ಡ ಸಾಲಿನ ಭಾಗ. ಆಸ್ಟ್ರೇಲಿಯಾದ್ದು ಬಿಟ್ಟರೆ ಇದೇ ದೊಡ್ಡದು. 1996ರಿಂದ ಅಲ್ಲಿನ ಹವಳದ ದಿಬ್ಬಗಳನ್ನು ರಾಷ್ಟ್ರೀಯ ಉದ್ಯಾನ ಮಾಡಿ ಕಾಯುತ್ತಿದ್ದಾರೆ. ಕೈಗವಸು ಹಾಕಿಕೊಂಡು ಇಳಿಯುವಂತಿಲ್ಲ, ಹಾಕಿಕೊಂಡರೆ ಜನ ಧೈರ್ಯವಾಗಿ ಹವಳ ಮುಟ್ಟುತ್ತಾರೆ ಅಂತ. ನೀರು ಎಷ್ಟು ತಿಳಿಯಾಗಿತ್ತು ಅಂದರೆ ಶಿಕ್ಷಕರ ಉಗುರಿನ ಅಂಚು ನನಗೆ ಕಾಣುತ್ತಿತ್ತು. ನೇರಳೆ ಬಣ್ಣದ ಬೀಸಣಿಗೆಯ ಹಾಗಿರುವ ಒಂದು ಹವಳ ನೀರಿನ ಸೆಳೆತಕ್ಕೆ ಆ ಕಡೆ ಈ ಕಡೆ ತೂಗುತ್ತಿತ್ತು. ಒಬ್ಬರು ಒಳಗೆ ಕೂರಬಹುದಾದಷ್ಟು ದೊಡ್ಡ ಹಂಡೆಯ ಆಕಾರದ ಸ್ಪಂಜು. ಆಮೇಲೆ ಗಿಳಿ ಮೀನು. ಗಿಳಿಯ ಕೊಕ್ಕಿನ ಹಾಗೇ ಬಾಯಿ, ಹಸಿರು ನೀಲಿ ಮೈ. ಅದು ಹವಳದ ಬಂಡೆಗೆ ಬಾಯಿ ಹಾಕಿ ಕಚ್ಚಿದಾಗ ಸದ್ದು ಕೇಳಿಸಿತು. ಕಲ್ಲುಸಕ್ಕರೆ ಕಡಿದ ಹಾಗೆ ಕಟ್, ಕಟ್ ಅಂತ. ಕಚ್ಚಿದ ಸುಣ್ಣದ ಕಲ್ಲು ಅದರ ಹೊಟ್ಟೆಯಲ್ಲಿ ನುಣ್ಣಗಾಗಿ ಹಿಂದಿನಿಂದ ಬಿಳಿ ಹೊಗೆಯ ಹಾಗೆ ಬೀಳುತ್ತದೆ. ಆ ದ್ವೀಪಗಳ ಬಿಳಿ ಮರಳಿನಲ್ಲಿ ದೊಡ್ಡ ಪಾಲು ಈ ಮೀನು ಮಾಡಿದ್ದು. ನಾನು ಅದರ ಮುಂದೆ ಎಷ್ಟು ಹೊತ್ತು ನಿಂತೆನೋ, ಶಿಕ್ಷಕರು ಕೈ ಹಿಡಿದು ಎಳೆಯಬೇಕಾಯಿತು.

ಒಂದು ಕಡೆ ಮಿದುಳಿನ ಹಾಗೆ ಸುರುಳಿ ಸುರುಳಿ ಇರುವ ಹವಳ ಪೂರ್ತಿ ಬೆಳ್ಳಗೆ ಸತ್ತು ನಿಂತಿತ್ತು. ಮೇಲೆ ಬಂದ ಮೇಲೆ ಕೇಳಿದೆ. 2014ರಲ್ಲಿ ಮಯಾಮಿ ಹತ್ತಿರ ಕಾಣಿಸಿಕೊಂಡ ಒಂದು ರೋಗ 2018ರ ಹೊತ್ತಿಗೆ ಮೆಕ್ಸಿಕೋ ಕಡೆಗೂ ಬಂತಂತೆ. ಇಂಥ ಗಟ್ಟಿ ಹವಳಗಳ ಮಾಂಸವೇ ಉದುರಿ ಹೋಗುತ್ತದಂತೆ. 2019ರಲ್ಲಿ ಕೆಲವು ದಿಬ್ಬಗಳಿಗೆ ಯಾರೂ ಇಳಿಯದ ಹಾಗೆ ಸ್ವಲ್ಪ ಕಾಲ ಬೀಗ ಹಾಕಿದ್ದರಂತೆ. ಹವಳದ ರೋಗಕ್ಕೆ ಅಷ್ಟು ಮುತುವರ್ಜಿ ವಹಿಸುವ ಊರು.

ದಡಕ್ಕೆ ಬಂದಾಗ ಯಜಮಾನರು ಭುಜದ ಮೇಲೆ ಟವೆಲ್ ಹಾಕಿಕೊಂಡು ನಗುತ್ತಾ ಕೂತಿದ್ದರು. "ಹೇಗಿತ್ತು?" ಅಂದರು. ನಾನು ಗಿಳಿ ಮೀನಿನ ವಿಷಯ ಹೇಳಲು ಶುರು ಮಾಡಿದೆ. ಒದ್ದೆ ತಲೆ ಒರೆಸಿಕೊಳ್ಳಲು ಅವರ ಟವೆಲ್ ತೆಗೆದುಕೊಂಡೆ. ಅದರ ಒಂದು ತುದಿಯನ್ನು ಅವರು ಒಳಗೆ ಮಡಚಿಟ್ಟಿದ್ದರು. ಬಿಚ್ಚಿದರೆ ಎಂಟಾಣೆ ಅಗಲದ ಕೆಂಪು ಕಲೆ, ಅದರ ಪಕ್ಕ ಇನ್ನೊಂದು. ಕಿವಿಯಿಂದ ಬಂದ ರಕ್ತ. ನಾನು ಕೆಳಗೆ ಮೀನು ನೋಡುತ್ತಿದ್ದಾಗ ಇವರು ಇಲ್ಲಿ ಅದನ್ನು ಒರೆಸಿ, ಮಗಳಿಗೆ ಕಾಣದ ಹಾಗೆ ಮಡಚುತ್ತಾ ಕೂತಿದ್ದರು.

ಮಗಳು ಗಾಬರಿಯಾದಳು. ಊರೊಳಗೆ ಹೋಗಿ ಡಾಕ್ಟರಿಗೆ ತೋರಿಸಿಯೇ ಹಡಗಿಗೆ ಹೋಗೋಣ ಅಂದಳು. ಫೋನ್ ನೋಡಿ "ಈಗ 2.50, ನಾಲ್ಕೂವರೆಗೆ ಹಡಗಿನಲ್ಲಿದ್ದರೆ ಸಾಕು, ಟೈಮ್ ಇದೆ ಅಮ್ಮಾ" ಅಂದಳು. ನಾನು ಅವಳ ಬ್ಯಾಗಿನಿಂದ ನನ್ನ ವಾಚು ತೆಗೆದೆ. ನಮ್ಮ ಕಾರ್ಖಾನೆಯದೇ, ಕೀ ಕೊಡುವ ಹಳೇ ಜನತಾ. ಅದರಲ್ಲಿ 3.50 ಆಗಿತ್ತು.

ಎರಡೂ ಸರಿಯಾಗಿಯೇ ತೋರಿಸುತ್ತಿದ್ದವು. ಕೊಜುಮೆಲ್ ಇರುವ ರಾಜ್ಯದಲ್ಲಿ 2015ರಿಂದ ವರ್ಷವಿಡೀ ಒಂದೇ ಸಮಯ. ಫ್ಲಾರಿಡಾದಲ್ಲಿ ಬೇಸಿಗೆಗೆ ಗಡಿಯಾರ ಒಂದು ಗಂಟೆ ಮುಂದೆ ತಿರುಗಿಸುತ್ತಾರೆ. ನಮ್ಮ ಹಡಗು ಕೊನೆಯವರೆಗೂ ಮಯಾಮಿ ಸಮಯದಲ್ಲೇ ಓಡುತ್ತಿತ್ತು. ಫೋನು ಮಾತ್ರ ದಡದ ಸಿಗ್ನಲ್ ಸಿಕ್ಕ ತಕ್ಷಣ ತಾನಾಗಿ ಅಲ್ಲಿನ ಸಮಯಕ್ಕೆ ತಿರುಗಿಕೊಂಡಿತ್ತು. ಡೈವ್ ಅಂಗಡಿಯವರೂ ತಮ್ಮ ಊರಿನ ಸಮಯವನ್ನೇ ಹೇಳುತ್ತಾರೆ. ಚಳಿಗಾಲದಲ್ಲಿ ಹೋದವರಿಗೆ ಈ ತೊಂದರೆ ಬರುವುದಿಲ್ಲ, ಆಗ ಎರಡೂ ಒಂದೇ. ಆದರೆ ನಮ್ಮ ಬೆಂಗಳೂರಿನ ಅಪ್ಪ ಅಮ್ಮಂದಿರು ಜಾಸ್ತಿ ಹೋಗುವುದೇ ಏಪ್ರಿಲ್‌ನಿಂದ ಆಗಸ್ಟ್ ಒಳಗೆ ಅಲ್ವಾ? ಹಡಗಿನವರೇ ಏರ್ಪಾಡು ಮಾಡಿದ ಪ್ರವಾಸದಲ್ಲಿ ತಡವಾದರೆ ಹಡಗು ನಿಮಗಾಗಿ ಕಾಯುತ್ತದೆ. ಹೊರಗೆ ನೀವೇ ಬುಕ್ ಮಾಡಿಕೊಂಡಿದ್ದರೆ ಕಾಯುವುದಿಲ್ಲ. ನಾವು ಹೊರಗೆ ಬುಕ್ ಮಾಡಿದ್ದೆವು. ಟ್ಯಾಕ್ಸಿ ಹಿಡಿದು, ಕಿವಿಗೆ ಹತ್ತಿ ಒತ್ತಿಕೊಂಡ ಅವರನ್ನು ಮಧ್ಯ ಕೂರಿಸಿಕೊಂಡು ಓಡಿದೆವು. ಹಡಗಿನ ಏಣಿ ಹತ್ತುವಾಗ ನನ್ನ ವಾಚಿನಲ್ಲಿ 4.20.

ಹಡಗಿನ ಕ್ಲಿನಿಕ್‌ನಲ್ಲಿ ಡಾಕ್ಟರಮ್ಮ ಕಿವಿ ನೋಡಿ ತಮಟೆ ಹರಿದಿದೆ ಅಂದರು. ಬಿಪಿ ನೋಡಿದರೆ 178/104. ಯಾವ ಮಾತ್ರೆ ತೆಗೆದುಕೊಳ್ಳುತ್ತೀರಿ ಅಂತ ಕೇಳಿದರು. ಇವರು ಬಿಪಿ ಮಾತ್ರೆಯ ಹೆಸರು ಹೇಳಿದರು, ಆಮೇಲೆ ನೆಗಡಿ ಮಾತ್ರೆಯ ಹೆಸರೂ ಹೇಳಿದರು. ಆಗ ನನಗೆ ಗೊತ್ತಾಯಿತು. ಮೂಗು ಬಿಡಿಸುವ ಕೆಲವು ಮಾತ್ರೆಗಳೇ ಬಿಪಿ ಏರಿಸುತ್ತವೆ ಅಂತ ಡಾಕ್ಟರಮ್ಮ ಹೇಳಿದರು. "ಡೈವ್ ಮಾಡುವ ಮುಂಚೆ ಫಾರಂನಲ್ಲಿ ಇದನ್ನು ಬರೆಯಲಿಲ್ಲವೇ?" ಅಂತ ಕೇಳಿದಾಗ ಮೂವರೂ ನೆಲ ನೋಡಿದೆವು.

ಬಿಲ್ಲು 640 ಡಾಲರ್ ಆಯಿತು. ಇಲ್ಲಿಂದ ಹೊರಡುವಾಗ ಮಾಡಿಸಿದ್ದ ಪ್ರವಾಸ ವಿಮೆಗೆ ಅರ್ಜಿ ಹಾಕಿದೆವು. ಅವರು ಡೈವ್ ಅಂಗಡಿಯಿಂದ ಫಾರಂ ತರಿಸಿಕೊಂಡರು. ಯಾವ ಔಷಧಿಯೂ ಇಲ್ಲ ಅಂತ ಬರೆದುಕೊಟ್ಟಿದ್ದೀರಿ, ಜೊತೆಗೆ ನಿಮ್ಮ ಪಾಲಿಸಿಯಲ್ಲಿ ಸಾಹಸ ಕ್ರೀಡೆ ಸೇರಿಲ್ಲ ಅಂತ ಎರಡು ಸಾಲಿನ ಉತ್ತರ ಬಂತು. ಸಾಹಸ ಕ್ರೀಡೆಗೆ ಬೇರೆ ಕಂತು ಕಟ್ಟಬೇಕು ಅಂತ ಪಾಲಿಸಿ ಮಾರಿದವರು ಹೇಳಿರಲಿಲ್ಲ, ನಾವೂ ಕೇಳಿರಲಿಲ್ಲ. ಡೈವ್ ಮಾಡುವವರಿಗಾಗಿಯೇ ಡೈವರ್ಸ್ ಅಲರ್ಟ್ ನೆಟ್‌ವರ್ಕ್ ಅಂತ ಒಂದು ಸಂಸ್ಥೆ 1980ರಿಂದ ಇದೆ. ವಿಮೆಯೂ ಇದೆ, ಅಪಘಾತವಾದರೆ ಫೋನಿನಲ್ಲಿ ಡಾಕ್ಟರ ಸಲಹೆಯೂ ಸಿಗುತ್ತದೆ. ಅಳಿಯಂದಿರು ಅದರ ಸದಸ್ಯರು. ಎರಡು ಗಂಟೆಯ ಮೋಜಿಗೆ ನಮಗೂ ಬೇಕು ಅಂತ ಯಾರಿಗೂ ಹೊಳೆಯಲಿಲ್ಲ.

ಇನ್ನು ಲೇಖನದ ಆಕ್ಸಿಜನ್ ಸಿಲಿಂಡರ್ ವಿಷಯ. ದಯವಿಟ್ಟು ಇದನ್ನು ತಿದ್ದಿ ಹಾಕಿ. ಆ ಸಿಲಿಂಡರ್‌ನಲ್ಲಿರೋದು ಆಕ್ಸಿಜನ್ ಅಲ್ಲ. ನಾವು ಉಸಿರಾಡುವ ಮಾಮೂಲಿ ಗಾಳಿಯನ್ನೇ ಒತ್ತಿ ತುಂಬಿರುತ್ತಾರೆ. ಅದರಲ್ಲಿ ಮುಕ್ಕಾಲಕ್ಕಿಂತ ಜಾಸ್ತಿ ನೈಟ್ರೋಜನ್. ಆಳದಲ್ಲಿ ಒತ್ತಡ ಜಾಸ್ತಿ ಇರೋದರಿಂದ ಆ ನೈಟ್ರೋಜನ್ ರಕ್ತದಲ್ಲಿ, ಮಾಂಸದಲ್ಲಿ ಕರಗುತ್ತದೆ. ನಿಧಾನವಾಗಿ ಮೇಲೆ ಬಂದರೆ ಉಸಿರಿನ ಜೊತೆ ಹೊರಗೆ ಹೋಗುತ್ತದೆ. ಬೇಗ ಒತ್ತಡ ಇಳಿದರೆ ಸೋಡಾ ಬಾಟಲಿ ತೆರೆದ ಹಾಗೆ ಮೈಯೊಳಗೆ ಗುಳ್ಳೆ ಏಳುತ್ತದೆ. ಗಂಟಿನಲ್ಲಿ ನೋವು ಬರಬಹುದು, ಕೈಕಾಲು ಸ್ವಾಧೀನ ತಪ್ಪಬಹುದು. ದಡಕ್ಕೆ ಬಂದ ಮೇಲೂ ಎಷ್ಟೋ ಗಂಟೆ ಮೈಯಲ್ಲಿ ನೈಟ್ರೋಜನ್ ಉಳಿದಿರುತ್ತದೆ. ಅದಕ್ಕೇ ಒಂದು ಡೈವ್ ಆದರೆ ಕನಿಷ್ಠ 12 ಗಂಟೆ, ಒಂದಕ್ಕಿಂತ ಜಾಸ್ತಿ ಆದರೆ 18 ಗಂಟೆ ವಿಮಾನ ಹತ್ತಬಾರದು ಅನ್ನುತ್ತಾರೆ. ಕ್ರೂಸಿನ ಕೊನೆಯ ದಿನ ಬಹಾಮಾಸ್‌ನಲ್ಲಿ ನಿಲ್ಲುವ ಹಡಗುಗಳಿವೆ. ಅಲ್ಲಿ ಮಧ್ಯಾಹ್ನ 3ಕ್ಕೆ ಎರಡನೇ ಡೈವ್ ಮುಗಿಸಿದವರು ಮಾರನೇ ದಿನ ಬೆಳಿಗ್ಗೆ 9ರ ಮುಂಚೆ ಮಯಾಮಿಯಿಂದ ವಿಮಾನ ಹತ್ತುವಂತಿಲ್ಲ. ಟಿಕೆಟ್ ಬುಕ್ ಮಾಡುವಾಗಲೇ ಇದನ್ನು ನೋಡಬೇಕು.

ಕೆರಿಬಿಯನ್ ನಮಗ್ಯಾಕೆ ಅನ್ನುವವರಿಗೂ ಇದರಲ್ಲಿ ವಿಷಯ ಇದೆ. ವಿಮಾನಕ್ಕೆ ಹೇಳುವ ಈ ಮಾತು ಬೆಟ್ಟಕ್ಕೂ ಸೇರುತ್ತದೆ. 610 ಮೀಟರ್‌ಗಿಂತ ಎತ್ತರಕ್ಕೆ ಹೋಗುವುದೂ ಹಾರಿದ ಹಾಗೇ ಲೆಕ್ಕ. ನಮ್ಮ ಬೆಂಗಳೂರು ಸುಮಾರು 900 ಮೀಟರ್ ಎತ್ತರದಲ್ಲಿದೆ. ನಮ್ಮ ಅಣ್ಣನ ಮಗ ಹೋದ ಜನವರಿಯಲ್ಲಿ ಸ್ನೇಹಿತರ ಜೊತೆ ಮುರುಡೇಶ್ವರಕ್ಕೆ ಹೋಗಿದ್ದ. ಶುಕ್ರವಾರ ರಾತ್ರಿ ಹೊರಟು, ಶನಿವಾರ ಬೆಳಿಗ್ಗೆ ದೋಣಿಯಲ್ಲಿ ನೇತ್ರಾಣಿ ದ್ವೀಪಕ್ಕೆ ಹೋಗಿ, ಎರಡು ಡೈವ್ ಮಾಡಿ, ಮಧ್ಯಾಹ್ನ ಊಟ ಮಾಡಿ ಕಾರು ಹತ್ತಿದ್ದಾರೆ. ಘಾಟಿ ಹತ್ತಿ, ಶಿವಮೊಗ್ಗ ದಾಟಿ, ಕಡೂರು, ಅರಸೀಕೆರೆ ಬರುವಾಗ ರಾತ್ರಿ ಎಂಟೂವರೆ. ಬೆಂಗಳೂರಿಗೆ ಹನ್ನೆರಡಕ್ಕೆ ಬಂದಿದ್ದಾರೆ. ಡೈವ್ ಮುಗಿದು ಹನ್ನೊಂದು ಗಂಟೆಯೂ ಆಗಿರಲಿಲ್ಲ. ಎರಡು ದಿನ ಅವನಿಗೆ ಎಡ ಮೊಣಕೈ ನೋವಿತ್ತು. ಬ್ಯಾಗು ಹೊತ್ತಿದ್ದಕ್ಕೆ ಅಂದುಕೊಂಡ, ಯಾವ ಡಾಕ್ಟರಿಗೂ ತೋರಿಸಲಿಲ್ಲ. ಅದು ಏನಾಗಿತ್ತು ಅಂತ ಈಗ ಯಾರೂ ಹೇಳೋಕೆ ಆಗಲ್ಲ. ಅವನಿಗೆ ಈ ಲೆಕ್ಕವನ್ನು ದೋಣಿಯಲ್ಲಾಗಲಿ, ದಡದಲ್ಲಾಗಲಿ ಯಾರೂ ಹೇಳಿರಲಿಲ್ಲ. ಫಾರಂ ಅವನೂ ದೋಣಿಯ ಪಕ್ಕದಲ್ಲೇ ನಿಂತು ತುಂಬಿದ್ದ.

ಅದಕ್ಕೇ ನನ್ನದೊಂದು ಬೇಡಿಕೆ. ಬೆಂಗಳೂರಿನಲ್ಲಿ ಕ್ರೂಸ್ ಪ್ಯಾಕೇಜ್ ಮಾರುವವರು, ನೇತ್ರಾಣಿ ಪ್ಯಾಕೇಜ್ ಮಾರುವವರು ಆ ಫಾರಂ ಅನ್ನು ದುಡ್ಡು ತೆಗೆದುಕೊಳ್ಳುವ ದಿನವೇ ಕೈಗೆ ಕೊಡಲಿ. ಕನ್ನಡದಲ್ಲಿ ಕೊಡಲಿ. ಮನೆಯಲ್ಲಿ ಕೂತು, ಮಾತ್ರೆ ಡಬ್ಬಿ ಮುಂದಿಟ್ಟುಕೊಂಡು ತುಂಬುವ ಹಾಗಿರಲಿ. ಹದಿನೈದು ದಿನ ಮುಂಚೆ ಸಿಕ್ಕಿದರೆ ನಮ್ಮ ಮಾಮೂಲಿ ಡಾಕ್ಟರ ಹತ್ತಿರ ಹೋಗಬಹುದು. ಅವರಿಗೆ ನಮ್ಮ ಬಿಪಿ ಗೊತ್ತು, ಸಕ್ಕರೆ ಗೊತ್ತು. ‘ಹೌದು’ ಅಂತ ಬರೆದರೆ ಡೈವ್ ಇಲ್ಲ ಅಂತ ಅರ್ಥ ಅಲ್ಲ. ಡಾಕ್ಟರು ಪರೀಕ್ಷೆ ಮಾಡಿ ಪರವಾಗಿಲ್ಲ ಅಂದರೆ ಸಹಿ ಹಾಕಿ ಕೊಡುತ್ತಾರೆ. ಬೇಡ ಅಂದರೆ ಬೇಡ. ನನ್ನ ವಿಷಯವನ್ನೇ ನೋಡಿ. ‘45 ದಾಟಿದೆ’ ಅಂತ ನಿಜ ಬರೆದಿದ್ದರೆ ಎರಡನೇ ಪುಟದಲ್ಲಿ ಇನ್ನು ನಾಲ್ಕು ಪ್ರಶ್ನೆ ಬರುತ್ತಿದ್ದವು. ಬೀಡಿ ಸಿಗರೇಟು ಇದೆಯೇ, ಕೊಲೆಸ್ಟರಾಲ್ ಜಾಸ್ತಿ ಇದೆಯೇ, ಬಿಪಿ ಇದೆಯೇ, ಮನೆಯಲ್ಲಿ ಯಾರಾದರೂ 50ರೊಳಗೆ ಹೃದಯದ ಕಾಯಿಲೆಯಿಂದ ತೀರಿಕೊಂಡಿದ್ದಾರೆಯೇ ಅಂತ. ನಾಲ್ಕಕ್ಕೂ ನನ್ನದು ನಿಜವಾಗಿಯೂ ‘ಇಲ್ಲ’. ಸುಳ್ಳು ಬರೆಯದೆಯೂ ನಾನು ಗಿಳಿ ಮೀನು ನೋಡಬಹುದಿತ್ತು. ಯಜಮಾನರನ್ನು ಮಾತ್ರ ಆ ದಿನ ಯಾರಾದರೂ ದಡದಲ್ಲೇ ನಿಲ್ಲಿಸುತ್ತಿದ್ದರು.

ಉಳಿದ ಪ್ರಶ್ನೆಗಳನ್ನು ನಾನೇ ಹಳೇ ಕ್ಯಾಲೆಂಡರ್ ಹಾಳೆಯ ಹಿಂದೆ ಕನ್ನಡದಲ್ಲಿ ಬರೆದಿಟ್ಟಿದ್ದೇನೆ. ನನ್ನ ಮಾತಿನಲ್ಲಿ ಹೇಳುತ್ತೇನೆ. ಉಸಿರಾಟ, ಹೃದಯ, ರಕ್ತದ ತೊಂದರೆ ಏನಾದರೂ ಆಗಿತ್ತಾ? 1.6 ಕಿ.ಮೀ. ದೂರ 14 ನಿಮಿಷದಲ್ಲಿ ನಡೆಯಲು, ಅಥವಾ 200 ಮೀಟರ್ ನಿಲ್ಲದೆ ಈಜಲು ಕಷ್ಟವಾಗುತ್ತದಾ? ಕಣ್ಣು, ಕಿವಿ, ಮೂಗಿನ ತೊಂದರೆ ಇತ್ತಾ? ಹೋದ 12 ತಿಂಗಳಲ್ಲಿ ಆಪರೇಷನ್ ಆಗಿದೆಯಾ? ಪ್ರಜ್ಞೆ ತಪ್ಪಿದ್ದು, ಫಿಟ್ಸ್, ಮೈಗ್ರೇನ್, ತಲೆಗೆ ಪೆಟ್ಟು ಇದೆಯಾ? ಮನಸ್ಸಿನ ತೊಂದರೆಗೆ ಚಿಕಿತ್ಸೆ ಆಗಿದೆಯಾ? ಬೆನ್ನು ನೋವು, ಹರ್ನಿಯಾ, ಅಲ್ಸರ್, ಸಕ್ಕರೆ ಕಾಯಿಲೆ? ಹೊಟ್ಟೆ, ಕರುಳಿನ ತೊಂದರೆ, ಈಚೆಗೆ ಭೇದಿ? ಕೊನೆಯದು, ಡಾಕ್ಟರು ಬರೆದುಕೊಟ್ಟ ಯಾವುದಾದರೂ ಮಾತ್ರೆ ತೆಗೆದುಕೊಳ್ಳುತ್ತಿದ್ದೀರಾ? ನಮ್ಮ ವಯಸ್ಸಿನವರಲ್ಲಿ ಇಷ್ಟಕ್ಕೂ ‘ಇಲ್ಲ’ ಅನ್ನುವವರು ಎಷ್ಟು ಜನ ಸಿಕ್ಕಾರು? ನೀವು ಇದನ್ನು ಪುರವಣಿಯ ಒಂದು ಮೂಲೆಯಲ್ಲಿ ಚೌಕಟ್ಟು ಹಾಕಿ ಅಚ್ಚು ಮಾಡಿದರೆ ಜನ ಕತ್ತರಿಸಿ ಇಟ್ಟುಕೊಳ್ಳುತ್ತಾರೆ.

ಯಜಮಾನರ ಕಿವಿಯ ತೂತು ಏಳು ವಾರಕ್ಕೆ ಮುಚ್ಚಿಕೊಂಡಿತು. ಇಲ್ಲಿನ ಕಿವಿ ಡಾಕ್ಟರು ಎರಡು ಸಲ ನೋಡಿ ಸರಿಯಾಗಿದೆ ಅಂದಿದ್ದಾರೆ. ಕೇಳಿಸೋದರಲ್ಲಿ ತೊಂದರೆ ಇಲ್ಲ. ಇನ್ನು ನೀರಿಗೆ ಇಳಿಯೋಲ್ಲ, ದೋಣಿಯಲ್ಲಿ ಕೂತು ನೋಡ್ತೀನಿ ಅಂತ ಅವರೇ ಹೇಳಿದ್ದಾರೆ.

ನನಗೆ ಮಾತ್ರ ಇನ್ನೊಂದು ಸಲ ನೋಡಬೇಕು. ನವೆಂಬರ್‌ನಲ್ಲಿ ನೇತ್ರಾಣಿಗೆ ಹೋಗುತ್ತಿದ್ದೇವೆ. ಡೈವ್ ಆದ ರಾತ್ರಿ ಮುರುಡೇಶ್ವರದಲ್ಲೇ ಉಳಿದು, ಮಾರನೇ ದಿನ ಮಧ್ಯಾಹ್ನ ಊಟ ಮಾಡಿ ಹೊರಡುವ ಹಾಗೆ ರೂಮು ಹಿಡಿದಿದ್ದೇವೆ. ಫಾರಂ ಪ್ರಿಂಟ್ ತೆಗೆಸಿ ಅಡುಗೆಮನೆಯ ಫ್ರಿಜ್ ಮೇಲೆ ಇಟ್ಟಿದ್ದೇನೆ. ಮೂರನೇ ಪ್ರಶ್ನೆ ಒಂದು ಖಾಲಿ ಬಿಟ್ಟಿದ್ದೇನೆ. ದಿನಾ ಬೆಳಿಗ್ಗೆ ಜೆ.ಪಿ. ಪಾರ್ಕ್‌ನಲ್ಲಿ ವಾಚು ನೋಡಿಕೊಂಡು 1.6 ಕಿ.ಮೀ. ನಡೆಯುತ್ತಿದ್ದೇನೆ. ನಿನ್ನೆ 15 ನಿಮಿಷ 20 ಸೆಕೆಂಡು ಆಯಿತು.

ಇಂತಿ,
ನಿಮ್ಮ ಓದುಗಳು
(ಹೆಸರು ಹಾಕುವುದು ಬೇಡ)
ಮತ್ತಿಕೆರೆ, ಬೆಂಗಳೂರು